ಬೆಳೆದವರಿಗೂ ಒಂದು ಸೂರು ಬೇಕು

ಕೊಯಮತ್ತೂರಿನಲ್ಲಿ ನಾವು ತರಕಾರಿ ತರುವುದು ಆರ್.ಎಸ್. ಪುರದ ಉಳವರ್ ಸಂದೈನಿಂದ. ರೈತರೇ ನೇರವಾಗಿ ಮಾರುವ ಈ ಸಂತೆಗಳನ್ನು ತಮಿಳುನಾಡು ಸರ್ಕಾರ 1999ರಲ್ಲಿ ಮಧುರೈಯಿಂದ ಶುರುಮಾಡಿತು. ಅಲ್ಲಿ ಕೂರಬೇಕಾದರೆ ರೈತನ ಹತ್ತಿರ ಫೋಟೋ ಇರುವ ಗುರುತಿನ ಚೀಟಿ ಇರಬೇಕು. ಜಮೀನು ಎಲ್ಲಿದೆ, ಏನು ಬೆಳೆದಿದ್ದಾನೆ ಎಂಬುದನ್ನು ಅಧಿಕಾರಿಗಳು ನೋಡಿಯೇ ಚೀಟಿ ಕೊಡುತ್ತಾರೆ. ಜಾಗಕ್ಕೆ ಬಾಡಿಗೆಯಿಲ್ಲ, ತಕ್ಕಡಿಯೂ ಸಂತೆಯದೇ. ಅವತ್ತಿನ ದರ ಬೋರ್ಡಿನ ಮೇಲಿರುತ್ತದೆ.

ಚೆಂದದ ಮಾತಿಗೆ ಬಂದರೆ ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯ ಮುಂದೆ ಅದು ಏನೂ ಅಲ್ಲ. ಕುಂಕುಮದ ರಾಶಿ, ಮಾರುಗಟ್ಟಲೆ ಸುತ್ತಿಟ್ಟ ಹೂವು, ಚಿಗುರು ವೀಳ್ಯದೆಲೆ, ತೂಗುಹಾಕಿದ ಬಾಳೆಗೊನೆ. ಊರಿಗೆ ಬಂದಾಗ ಅಲ್ಲಿಗೆ ಹೋಗದಿದ್ದರೆ ನನಗೆ ಸಮಾಧಾನವಿಲ್ಲ. ಆದರೆ ಆ ಸೂರಿನಡಿ ಇರುವವರು ವರ್ತಕರು. ತಲೆಮಾರುಗಳಿಂದ ಅದನ್ನೇ ನಂಬಿದವರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಬೆಳೆದವರು ಎಲ್ಲಿ ಅಂತ ನೋಡಿದರೆ ಬಯಲಲ್ಲಿ, ರಸ್ತೆ ಬದಿಯಲ್ಲಿ.

ಎಂ.ಜಿ. ರಸ್ತೆಯ ಮಾರುಕಟ್ಟೆ ಹತ್ತಿರ ಈ ಸಲ ಒಬ್ಬ ಅಜ್ಜಿ ಗೋಣಿತಾಟಿನ ಮೇಲೆ ದಂಟು, ಸಬ್ಬಸಿಗೆ, ಕಿರಕೀರೆ ಸೊಪ್ಪಿನ ಕಟ್ಟುಗಳನ್ನು ಜೋಡಿಸಿಕೊಂಡಿದ್ದರು. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಗಳಿಗೆಗೊಮ್ಮೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ‘ಬಿಸ್ಲು ಏರುದ್ರೆ ಬಾಡೋಯ್ತದೆ ಕಣಪ್ಪ, ಆಮೇಲೆ ಕೇಳಿದ ರೇಟ್ಗೆ ಕೊಡದೇಯ’ ಅಂದರು. ಒಂದು ಶೀಟಿನ ಮಾಡು, ಒಂದು ನಲ್ಲಿ ಇದ್ದಿದ್ದರೆ ಅದೇ ಸೊಪ್ಪು ಮಧ್ಯಾಹ್ನದವರೆಗೂ ಬೆಲೆ ಉಳಿಸಿಕೊಳ್ಳುತ್ತಿತ್ತು.

ಉಳವರ್ ಸಂದೈಯಂಥ ಸಂತೆ ಮೈಸೂರಿನಲ್ಲೂ ಆದರೆ ಕೊಳ್ಳುವ ನಮಗೂ ಲಾಭವಿದೆ. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಮೂರಕ್ಕೂ ಜಿಐ ಮಾನ್ಯತೆ, ಅಂದರೆ ಇಂಥ ಊರಿನದೇ ಬೆಳೆ ಎಂಬ ಗುರುತು ಇದೆ. ಅದರಲ್ಲೂ ರಸಬಾಳೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ ಅಪರೂಪವಾಗಿದೆ. ಅಂಗಡಿಯಲ್ಲಿ ತೂಗುವ ಗೊನೆ ನಂಜನಗೂಡಿನದೇ ಅಂತ ನಂಬುವುದು ಹೇಗೆ? ಜಮೀನು, ಬೆಳೆ ಎರಡೂ ನಮೂದಾಗಿರುವ ಚೀಟಿ ಹಿಡಿದ ರೈತ ಎದುರಿಗೆ ಕೂತಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ತಮಿಳುನಾಡಿನದು ಎಲ್ಲವೂ ಸರಿ ಅಂತಲ್ಲ. 2001ರಲ್ಲಿ ಸರ್ಕಾರ ಬದಲಾದಾಗ ಈ ಸಂತೆಗಳು ಸೊರಗಿದವು, 2006ರ ನಂತರವೇ ಮತ್ತೆ ಜೀವ ಬಂದದ್ದು. ನಮ್ಮಲ್ಲಿ ಮಾಡುವುದಾದರೆ ಪಕ್ಷದ ಹಂಗಿಲ್ಲದೆ ಮಾಡಬೇಕು.

ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಾಗಿನಿಂದ ದುರಸ್ತಿಯೋ ಹೊಸ ಕಟ್ಟಡವೋ ಎಂಬ ವಾದ ನಡೆದೇ ಇದೆ. ಪಾರಂಪರಿಕ ಕಟ್ಟಡ ಉಳಿಯಲಿ ಎನ್ನುವವನು ನಾನು. ಆದರೆ ಆ ಚರ್ಚೆಯಲ್ಲಿ ಅಂಗಡಿ, ಬಾಡಿಗೆಯ ಮಾತಿನ ಜೊತೆಗೆ ವರುಣ, ತಿ. ನರಸೀಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಮೂಟೆ ಹೇರಿಕೊಂಡು ಬರುವವರ ಮಾತೂ ಬರಬೇಕು. ನಗರದ ನಡುವೆಯೇ ಅವರಿಗೊಂದು ಜಾಗ ಗುರುತಿಸಿ, ಮಾಡು, ನೀರು, ತಕ್ಕಡಿ ಕೊಟ್ಟು, ಚೀಟಿ ಇಲ್ಲದವರನ್ನು ಅಲ್ಲಿ ಕೂರಿಸದಿದ್ದರೆ ಸಾಕು. ಮಾರುವುದು ಅವರಿಗೆ ಗೊತ್ತಿದೆ.