ಸ್ಪಷ್ಟನೆ: ಸಿಂಡಿಕೇಟ್ ಬ್ಯಾಂಕ್ ಒಬ್ಬರೇ ಕಟ್ಟಿದ್ದಲ್ಲ

ಸಿಂಡಿಕೇಟ್ ಬ್ಯಾಂಕನ್ನು ಡಾ. ಟಿ.ಎಂ.ಎ. ಪೈ ಒಬ್ಬರೇ ಕಟ್ಟಿದರು ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ಅರ್ಧ ಸತ್ಯ ಮಾತ್ರ. 1925ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಶುರು ಮಾಡಿದವರು ಮೂವರು. ಡಾಕ್ಟರ್ ಪೈ, ಇಂಜಿನಿಯರ್ ವಾಮನ ಕುಡ್ವ, ಮತ್ತೆ ವ್ಯಾಪಾರಿ ಉಪೇಂದ್ರ ಅನಂತ ಪೈ. ಈ ಉಪೇಂದ್ರ ಪೈ ಡಾಕ್ಟರ್ ಪೈಗಳ ಅಣ್ಣ. ಮುಂದೆ ರೈಲ್ವೆ ಸಚಿವರಾದ ಟಿ.ಎ. ಪೈ ಇವರ ಮಗ. ತಮ್ಮನ ಹೆಸರು, ಮಗನ ಹೆಸರು ಎಲ್ಲರಿಗೂ ಗೊತ್ತು. ನಡುವೆ ಅಣ್ಣ ಮರೆಯಾದರು ಅಷ್ಟೇ.

ಆಗ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಸಣ್ಣ ಸಾಲ ಕೊಟ್ಟು ಅವರಿಗೆ ಆಸರೆಯಾಗುವುದೇ ಬ್ಯಾಂಕಿನ ಉದ್ದೇಶ. ಬಂಡವಾಳ ಬರೀ 8,000 ರೂಪಾಯಿ! 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಬಂತು. ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ಕರಾವಳಿಯ ಅಂಗಡಿಗಳಲ್ಲಿ 'ಪಿಗ್ಮಿ ಕಟ್ಟೋದು' ಎಂಬ ಮಾತು ಈಗಲೂ ಇದೆ ಅಲ್ವಾ?

ಇನ್ನೊಂದು ಗೊಂದಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ ಸೇರಿತು. ಹಾಗಂತ ಎರಡರ ಮೂಲ ಒಂದೇ ಅಲ್ಲ. ಕೆನರಾ ಬ್ಯಾಂಕನ್ನು 1906ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದವರು ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ.