ಮಣ್ಣಿನ ವರದಿ ಇಲ್ಲದೆ ಭೂ ಉಪಯೋಗ ಬದಲಾವಣೆ ಬೇಡ

ಬೆಂಗಳೂರಿನಲ್ಲಿ ಹಳೆಯ ಕಾರ್ಖಾನೆಯ ಜಾಗವೊಂದು ಅಪಾರ್ಟ್‌ಮೆಂಟ್ ಆಗಬೇಕಾದರೆ ಎಷ್ಟು ಕಾಗದ ಬೇಕು ಎಂಬುದು ಆ ಕೆಲಸಕ್ಕಾಗಿ ಕಚೇರಿಗಳನ್ನು ಅಲೆದವರಿಗೆಲ್ಲ ಗೊತ್ತು. ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಖಾತಾ, ಭೂ ಉಪಯೋಗ ಬದಲಾವಣೆಯ ಆದೇಶ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಜಲಮಂಡಳಿಯ ಎನ್‌ಒಸಿ, ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣದವರ ಒಪ್ಪಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಎಲ್ಲವೂ ಸೇರಿ ಕಡತ ದಪ್ಪವಾಗುತ್ತದೆ. ಆದರೆ ಆ ನೆಲದ ಮೇಲೆ ಮೂವತ್ತು ನಲವತ್ತು ವರ್ಷ ಏನನ್ನು ಸುರಿದಿದ್ದರು, ಸುರಿದದ್ದು ಈಗ ಎಷ್ಟು ಆಳದಲ್ಲಿದೆ ಎಂದು ಹೇಳುವ ಹಾಳೆಯೊಂದನ್ನು ನಾನು ನೋಡಿದ ಯಾವ ಕಡತದಲ್ಲೂ ಕಂಡಿಲ್ಲ.

"ಸಾಯಿಲ್ ಟೆಸ್ಟ್ ಮಾಡಿಸಿದ್ದೇವಲ್ಲ ಸಾರ್" ಎಂದು ಬಿಲ್ಡರ್‌ಗಳು ಹೇಳುತ್ತಾರೆ. ಮಾಡಿಸಿರುತ್ತಾರೆ, ನಿಜ. ಕಟ್ಟಡ ವಿನ್ಯಾಸದ ಕೆಲಸದಲ್ಲಿರುವ ನಾನು ಅಂಥ ವರದಿಗಳನ್ನು ಓದುತ್ತಲೇ ಇರುತ್ತೇನೆ. ಬೋರ್ ಹೋಲ್ ಕೊರೆದು, ಸುತ್ತಿಗೆಯ ಎಷ್ಟು ಏಟಿಗೆ ಕೊಳವೆ ಎಷ್ಟು ಇಳಿಯಿತು ಎಂದು ಎಣಿಸಿ, ಈ ಮಣ್ಣು ಚದರ ಮೀಟರಿಗೆ ಇಷ್ಟು ಟನ್ ಭಾರ ಹೊರುತ್ತದೆ ಎಂದು ಅದರಲ್ಲಿ ಬರೆದಿರುತ್ತಾರೆ. ಕಾರ್ಖಾನೆ ಜಾಗವಾದರೆ ಮೊದಲ ಒಂದೆರಡು ಮೀಟರಿನ ಎದುರು ಸಾಮಾನ್ಯವಾಗಿ "ಫಿಲ್ಲಿಂಗ್ ಮಣ್ಣು" ಎಂಬ ಒಂದೇ ಒಂದು ಮಾತು. ಅದರಲ್ಲಿ ಬೂದಿ ಇತ್ತೇ, ಲೋಹದ ಕೆಸರಿತ್ತೇ, ವಾಸನೆ ಬರುತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅಡಿಪಾಯ ಹೇಗೂ ಅದಕ್ಕಿಂತ ಕೆಳಗೆ ಹೋಗುತ್ತದೆ. ಇದೇ ವರದಿಯ ಕೊನೆಯಲ್ಲಿ ರಾಸಾಯನಿಕ ಪರೀಕ್ಷೆಯ ಪುಟ್ಟ ಕೋಷ್ಟಕವೊಂದು ಇರುತ್ತದೆ: ಪಿಎಚ್, ಕ್ಲೋರೈಡ್, ಸಲ್ಫೇಟ್. ಸಲ್ಫೇಟ್ ಹೆಚ್ಚಿದ್ದರೆ ಕಾಂಕ್ರೀಟು ಹಾಳಾಗುತ್ತದೆ, ಕ್ಲೋರೈಡ್ ಹೆಚ್ಚಿದ್ದರೆ ಕಂಬಿ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಆ ಪರೀಕ್ಷೆ. ಕಾಂಕ್ರೀಟಿನ ಆರೋಗ್ಯದ ಬಗ್ಗೆ ನಮಗಿರುವ ಈ ಕಾಳಜಿ ಅದರ ಮೇಲೆ ವಾಸಿಸಲಿರುವವರ ಬಗ್ಗೆ ಇಲ್ಲ.

ನಗರದೊಳಗಿನ ಕೈಗಾರಿಕಾ ಜಾಗಗಳು ಕೈ ಬದಲಾಯಿಸುವುದು ಹೊಸದೇನಲ್ಲ. ಸಂಪಿಗೆ ರಸ್ತೆಯ ರಾಜಾ ಮಿಲ್ ಜಾಗ ಮಾಲ್ ಆಯಿತು, ಬಿನ್ನಿ ಮಿಲ್ ಜಾಗದಲ್ಲಿ ವಸತಿ ಗೋಪುರಗಳು ಎದ್ದವು, ಮದ್ಯ ತಯಾರಿಸುತ್ತಿದ್ದ ಜಾಗ ಯುಬಿ ಸಿಟಿಯಾಯಿತು. ಈ ಜಾಗಗಳ ಮಣ್ಣು ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ನನ್ನ ಆತಂಕ ಮುಂದಿನ ಸುತ್ತಿನದು. ಪೀಣ್ಯದಲ್ಲಿ, ಅದರ ಆಸುಪಾಸಿನಲ್ಲಿ ಬಾಡಿಗೆ ಶೆಡ್ಡುಗಳಲ್ಲಿ ನಡೆದ ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಹಾಕುವ) ಘಟಕಗಳನ್ನು ನೋಡಿದವರಿಗೆ ಅಲ್ಲಿನ ನೆಲ ನೆನಪಿರುತ್ತದೆ: ಸಾಲಾಗಿ ಆಸಿಡ್ ತೊಟ್ಟಿಗಳು, ಕ್ರೋಮಿಕ್ ಆಸಿಡ್ಡಿನ ಕಡುಗೆಂಪು ತೊಟ್ಟಿ, ಒಂದರಿಂದ ಇನ್ನೊಂದಕ್ಕೆ ಎತ್ತಿ ಮುಳುಗಿಸುವಾಗ ತೊಟ್ಟಿಕ್ಕಿದ ದ್ರವ ಬಿದ್ದು ಬಿದ್ದು ಬಿರುಕುಬಿಟ್ಟ ಗಾರೆ. ಆ ಬಿರುಕಿನಲ್ಲಿ ಇಳಿದದ್ದು ಷಟ್ಸಂಯೋಜಕ (ಹೆಕ್ಸಾವೇಲೆಂಟ್) ಕ್ರೋಮಿಯಂ, ಆ ಲೋಹದ ವಿಷಕಾರಿ ರೂಪ. ಅದು ನೀರಿನಲ್ಲಿ ಕರಗುತ್ತದೆ, ಅಂತರ್ಜಲದ ಜೊತೆ ಸಾಗುತ್ತದೆ, ಅದರ ಧೂಳನ್ನು ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಪೀಣ್ಯದ ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದ ಕ್ರೋಮಿಯಂ ಇರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಘಟಕ ನಡೆಸಿದ ಬಾಡಿಗೆದಾರ ಎಂದೋ ಬಾಗಿಲು ಹಾಕಿ ಹೋಗಿರುತ್ತಾನೆ. ಉಳಿಯುವುದು ಶೆಡ್ಡಿನ ಮಾಲೀಕ, ಆ ನೆಲ, ಮತ್ತು ಮೆಟ್ರೋ ಬಂದ ಮೇಲೆ ಏರಿದ ಚದರಡಿ ಬೆಲೆ.

ಇಲ್ಲಿ ಸ್ಥಳೀಯ ಯೋಜನಾ ಪ್ರಾಧಿಕಾರದ ಪಾತ್ರ ಬರುತ್ತದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನ ಪ್ರಕಾರ ಮಾಸ್ಟರ್ ಪ್ಲಾನಿನಲ್ಲಿ ಕೈಗಾರಿಕೆಗೆ ಗುರುತಿಸಿದ ಜಾಗವನ್ನು ವಸತಿಗೆ ಬದಲಿಸಬಹುದು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಪ್ರಕಟಣೆಗಳು ಬರುತ್ತವೆ: ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಇಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಿ. ಆದರೆ ಆ ಜಾಗದಲ್ಲಿ ಏನು ತಯಾರಾಗುತ್ತಿತ್ತು ಎಂದು ತಿಳಿಸದೆ ಆಕ್ಷೇಪಣೆ ಕರೆದರೆ ಓದುಗ ಏನನ್ನು ಆಕ್ಷೇಪಿಸಬೇಕು? ಒಂದು ನೆಲದ ಇತಿಹಾಸವನ್ನು ತೆರೆದು ನೋಡಲು ಸರ್ಕಾರಕ್ಕೆ ಸಿಗುವ ಅತಿ ಒಳ್ಳೆಯ ಗಳಿಗೆ ಇದು, ಏಕೆಂದರೆ ಆಗ ಮಾಲೀಕನಿಗೆ ಸರ್ಕಾರದಿಂದ ಏನೋ ಬೇಕಾಗಿರುತ್ತದೆ. ಆದೇಶ ಕೈಸೇರಿ, ಪ್ಲಾನ್ ಮಂಜೂರಾಗಿ, ಫ್ಲ್ಯಾಟುಗಳು ಮಾರಾಟವಾದ ಮೇಲೆ ಅದೇ ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಾದವರು ಸಾಲ ಮಾಡಿ ಮನೆ ಕೊಂಡ ಸಂಸಾರಗಳು.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ಪರಿಸರ ಸಂರಕ್ಷಣಾ ಕಾಯ್ದೆಯಡಿ ನಿಯಮಗಳನ್ನು ಹೊರಡಿಸಿತು. ಸ್ವಾಗತಿಸಬೇಕಾದ ಕೆಲಸವೇ. ಶಂಕಿತ ತಾಣಗಳ ಬಗ್ಗೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ನಡೆಸಬೇಕು, ಆಮೇಲೆ ವಿವರವಾದ ಸಮೀಕ್ಷೆ, ಹೊಣೆಗಾರರ ಪತ್ತೆ, ಶುದ್ಧೀಕರಣದ ಯೋಜನೆ. ಆ ಹೊತ್ತಿಗೆ ದೇಶದಲ್ಲಿ ಗುರುತಿಸಲಾಗಿದ್ದ ಕಲುಷಿತ ತಾಣಗಳು 103. ಶುದ್ಧೀಕರಣ ಆರಂಭವಾಗಿದ್ದುದು ಏಳರಲ್ಲಿ. ಜಿಲ್ಲಾಡಳಿತ ಎಂದರೆ ಕೊನೆಗೆ ತಹಶೀಲ್ದಾರರು, ಗ್ರಾಮ ಆಡಳಿತಾಧಿಕಾರಿಗಳು. ಪಹಣಿ, ಪೋಡಿ, ಬೆಳೆಹಾನಿ, ಚುನಾವಣೆಯ ಕೆಲಸಗಳ ನಡುವೆ ಅವರು ಶೆಡ್ಡಿನ ಗಾರೆಯ ಕೆಳಗಿನ ಕ್ರೋಮಿಯಂ ಗುರುತಿಸುತ್ತಾರೆ ಎಂದು ನಂಬುವುದು ನನಗೆ ಕಷ್ಟ. ತಾನಾಗಿಯೇ ಬಂದು ಅರ್ಜಿ ಕೊಡುವ ಮಾಲೀಕನಿಂದ ಮಣ್ಣಿನ ವರದಿ ಪಡೆಯುವುದು ಇದಕ್ಕಿಂತ ಎಷ್ಟೋ ಸುಲಭ.

ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಅಲ್ಲಿ ಕಲುಷಿತ ನೆಲಕ್ಕೆಂದೇ ಕಾನೂನು ಇದೆ, ಇಂಗ್ಲೆಂಡಿನಲ್ಲಿ 2000ದಿಂದ ಜಾರಿಯಲ್ಲಿದೆ. ಆದರೂ ಹೆಚ್ಚಿನ ಜಾಗಗಳು ಶುದ್ಧವಾಗುವುದು ಯೋಜನಾ ಅನುಮತಿಯ ಷರತ್ತುಗಳ ಮೂಲಕ. ಮೊದಲು ಹಳೆಯ ನಕ್ಷೆ, ದಾಖಲೆಗಳನ್ನು ನೋಡಿ ಒಂದು ವರದಿ. ಸಂಶಯವಿದ್ದರೆ ನೆಲ ಅಗೆದು ಮಾದರಿ ಪರೀಕ್ಷೆ. ಆಮೇಲೆ ಶುದ್ಧೀಕರಣದ ವಿಧಾನ. ಕೊನೆಗೆ, ಹೇಳಿದ್ದನ್ನು ಮಾಡಲಾಗಿದೆ ಎಂಬ ದೃಢೀಕರಣ. ಅದಾಗುವವರೆಗೆ ಮನೆಗೆ ಜನ ಸೇರುವಂತಿಲ್ಲ ಎಂದು ಸ್ಥಳೀಯ ಕೌನ್ಸಿಲ್ ಷರತ್ತು ಹಾಕುತ್ತದೆ. ಸುರಕ್ಷಿತವಾಗಿ ಕಟ್ಟುವ ಹೊಣೆ ಅಭಿವೃದ್ಧಿ ಮಾಡುವವನದು ಅಥವಾ ಭೂಮಾಲೀಕನದು ಎಂದು ಅಲ್ಲಿನ ರಾಷ್ಟ್ರೀಯ ಯೋಜನಾ ನೀತಿ ಸ್ಪಷ್ಟವಾಗಿ ಹೇಳುತ್ತದೆ.

ಅಲ್ಲೂ ಎಡವಟ್ಟುಗಳಾಗಿವೆ. ಕಾರ್ಬಿ ಎಂಬ ಪಟ್ಟಣದಲ್ಲಿ 1980ರಲ್ಲಿ ಉಕ್ಕಿನ ತಯಾರಿಕೆ ನಿಂತ ಮೇಲೆ ಸ್ಥಳೀಯ ಕೌನ್ಸಿಲ್ ತಾನೇ ಆ ಜಾಗವನ್ನು ಕೊಂಡು ಮರುಬಳಕೆಗೆ ಸಿದ್ಧಪಡಿಸಿತು. ವಿಷ ಬೆರೆತ ಕೆಸರನ್ನು ಲಾರಿಗಳಲ್ಲಿ ಊರಿನ ರಸ್ತೆಗಳಲ್ಲೇ ಸಾಗಿಸಿದರು, ದಾರಿಯುದ್ದಕ್ಕೂ ಅದು ಚೆಲ್ಲಿತು, ಒಣಗಿ ಧೂಳಾಯಿತು. ಆ ವರ್ಷಗಳಲ್ಲಿ ಕೈಕಾಲುಗಳ ಊನದೊಂದಿಗೆ ಹುಟ್ಟಿದ ಮಕ್ಕಳ ಪರವಾಗಿ ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. 2009ರಲ್ಲಿ ಹೈಕೋರ್ಟ್ ಕೌನ್ಸಿಲ್ ನಿರ್ಲಕ್ಷ್ಯ ತೋರಿದೆ ಎಂದು ತೀರ್ಪು ಕೊಟ್ಟಿತು. ಮರುವರ್ಷ ಪರಿಹಾರದ ಒಪ್ಪಂದವಾಯಿತು. ನಮ್ಮ ಊರಿನ ಟಿಪ್ಪರ್‌ಗಳನ್ನು ಕಂಡಾಗಲೆಲ್ಲ ನನಗೆ ಕಾರ್ಬಿ ನೆನಪಾಗುತ್ತದೆ. ಎರಡು ಬೇಸ್‌ಮೆಂಟಿಗೆ ಅಗೆದ ಮಣ್ಣು ರಾತ್ರಿ ಹೊತ್ತು ಎಲ್ಲಿಗೆ ಹೋಗುತ್ತದೆ? ಕೆರೆಯಂಗಳಕ್ಕೋ, ತಗ್ಗಿನ ಸೈಟಿಗೋ, ಹೊಸ ಲೇಔಟಿನ ಫಿಲ್ಲಿಂಗಿಗೋ. ಬೇಸ್‌ಮೆಂಟಿನಲ್ಲಿ ಜಿನುಗಿದ ನೀರನ್ನು ಪಂಪ್ ಹಚ್ಚಿ ರಾಜಕಾಲುವೆಗೆ ಬಿಡುತ್ತಾರೆ. ಒಂದು ಸರ್ವೆ ನಂಬರಿನ ವಿಷ ಹೀಗೆ ಹತ್ತು ಕಡೆ ಹಂಚಿಹೋದರೆ ಅದನ್ನು ಮತ್ತೆ ಹುಡುಕಿ ಒಟ್ಟುಮಾಡಲು ಯಾವ ನಿಯಮದಿಂದಲೂ ಆಗದು.

ಎಷ್ಟು ಶುದ್ಧವಾದರೆ ಸಾಕು ಎಂಬ ಪ್ರಶ್ನೆ ಭೂ ಉಪಯೋಗಕ್ಕೇ ಅಂಟಿಕೊಂಡಿದೆ. ಕೆನಡಾದ ಮಾರ್ಗಸೂಚಿಯಲ್ಲಿ ಷಟ್ಸಂಯೋಜಕ ಕ್ರೋಮಿಯಂ ಮಿತಿ ಕೈಗಾರಿಕಾ ನೆಲಕ್ಕೆ ಕಿಲೋಗ್ರಾಂ ಮಣ್ಣಿಗೆ 1.4 ಮಿಲಿಗ್ರಾಂ, ವಸತಿ ನೆಲಕ್ಕೆ 0.4. ಕಾರ್ಖಾನೆಯಾಗಿದ್ದಾಗ ನಿಯಮದೊಳಗೇ ಇದ್ದ ಮಣ್ಣು ಮಕ್ಕಳು ಆಡುವ ಅಂಗಳವಾಗುವಾಗ ನಿಯಮ ಮೀರಿರಬಹುದು ಎಂದಾಯಿತು. ಕೊಡೈಕೆನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಜಗಳ ವರ್ಷಗಟ್ಟಲೆ ನಡೆದದ್ದೂ ಇಂಥ ಸಂಖ್ಯೆಯ ಮೇಲೆಯೇ: ಕಿಲೋಗೆ 20 ಮಿಲಿಗ್ರಾಂ ಉಳಿದರೆ ಸಾಕೇ, ಸಾಲದೇ ಎಂದು. ಉಪಯೋಗ ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಮಿತಿ ಬದಲಾಗಿರುವುದನ್ನು ಗಮನಿಸುವ ಹೊಣೆಯೂ ಅವರದೇ ಆಗಬೇಕು.

ಇನ್ನೊಂದು ಎನ್‌ಒಸಿ, ಇನ್ನೊಂದು ಲಂಚದ ಕಿಟಕಿ ಎಂದು ಹೇಳುವವರಿದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ನಾನು ಅಧಿಕಾರಿಯ ಪ್ರಮಾಣಪತ್ರವನ್ನು ಕೇಳುತ್ತಿಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯನ್ನು 14ಎ ಪ್ರಕಟಣೆಯ ಜೊತೆಗೇ ಯಾರು ಬೇಕಾದರೂ ಓದುವಂತೆ ಜಾಲತಾಣದಲ್ಲಿ ಹಾಕಲಿ, ಆ ಸರ್ವೆ ನಂಬರಿನ ಇ-ಖಾತೆಯಲ್ಲಿ ಅದರ ಉಲ್ಲೇಖ ಬರಲಿ. ಖರ್ಚು ಹೆಚ್ಚುತ್ತದೆ ಎಂಬ ದೂರು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಮಣ್ಣು ಕೆಟ್ಟಿದೆ ಎಂದು ಮೊದಲೇ ತಿಳಿದರೆ ಬಿಲ್ಡರ್ ಆ ಖರ್ಚನ್ನು ಜಾಗದ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ತಡವಾಗಿ ತಿಳಿದರೆ ಅದು ಫ್ಲ್ಯಾಟ್ ಕೊಂಡವರ ತಲೆಗೆ ಬರುತ್ತದೆ. ಸಣ್ಣ ಶೆಡ್ಡುಗಳ ಮಾಲೀಕರಿಗೆ ಮಾತ್ರ ನೆರವು ಬೇಕಾದೀತು. ಭೂ ಉಪಯೋಗ ಬದಲಾವಣೆಗೆ ಪ್ರಾಧಿಕಾರ ವಸೂಲಿ ಮಾಡುವ ಶುಲ್ಕದಲ್ಲಿ ಒಂದು ಪಾಲನ್ನು ಅದಕ್ಕೆ ಎತ್ತಿಡಬಹುದು.

ಹೊಸ ನಿಯಮಗಳ ಇನ್ನೊಂದು ಮಿತಿಯನ್ನೂ ಹೇಳಬೇಕು. ಗಣಿಗಾರಿಕೆ ಮತ್ತು ಘನತ್ಯಾಜ್ಯ ಸುರಿಯುವ ತಾಣಗಳಿಗೆ ಬೇರೆ ಕಾನೂನುಗಳಿವೆ ಎಂದು ಅವನ್ನು ಸಾಮಾನ್ಯವಾಗಿ ಇದರಿಂದ ಹೊರಗಿಟ್ಟಿದ್ದಾರೆ. ಹಾಗಾಗಿ 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಕೆಜಿಎಫ್‌ನ ಸೈನೈಡ್ ದಿಬ್ಬಗಳಾಗಲಿ, ಕಸ ಸುರಿಯುವುದು ನಿಂತ ಮಾವಳ್ಳಿಪುರ, ಮಂಡೂರುಗಳಾಗಲಿ ಇದರ ಕೈಗೆ ನೇರವಾಗಿ ಸಿಗುವುದಿಲ್ಲ. ಕೆಜಿಎಫ್‌ನ 13 ದಿಬ್ಬಗಳು ಸಾವಿರ ಎಕರೆಗೂ ಹೆಚ್ಚು ಹರಡಿವೆ. ಅವುಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಚಿನ್ನ ತೆಗೆದ ಮೇಲೆ ಆ ನೆಲ ಯಾವ ಬಣ್ಣದಲ್ಲಿ, ಅಂದರೆ ಯಾವ ಉಪಯೋಗಕ್ಕೆಂದು, ನಕ್ಷೆಯ ಮೇಲೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಅಲ್ಲಿನ ಯೋಜನಾ ಪ್ರಾಧಿಕಾರ ಈಗಲೇ ಯೋಚಿಸಬೇಕು.

ಬೆಂಗಳೂರು ಇಂದಿಗೂ 2007ರಲ್ಲಿ ಒಪ್ಪಿಗೆ ಪಡೆದ ಮಾಸ್ಟರ್ ಪ್ಲಾನಿನ ಮೇಲೆಯೇ ನಡೆಯುತ್ತಿದೆ. 2031ರವರೆಗಿನ ಹೊಸ ಪ್ಲಾನಿನ ಕರಡನ್ನು 2020ರಲ್ಲಿ ಹಿಂದಕ್ಕೆ ಪಡೆದರು. ಮುಂದಿನ ಕರಡು ಆಕ್ಷೇಪಣೆಗೆ ಬಂದಾಗ ನಾನು ಬರೆಯಲಿರುವುದು ಎರಡೇ ಸಾಲು: ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯ ಮಾಡುವ) ಉದ್ದಿಮೆಗಳು ನಡೆದ ಸರ್ವೆ ನಂಬರುಗಳನ್ನು ಪ್ರತ್ಯೇಕ ಪದರವಾಗಿ ನಕ್ಷೆಯಲ್ಲಿ ತೋರಿಸಿ; ಆ ಪದರದೊಳಗೆ ಬರುವ ಯಾವ ಜಾಗಕ್ಕೂ ಮಣ್ಣು ಮತ್ತು ಅಂತರ್ಜಲದ ವರದಿ ಇಲ್ಲದೆ ವಸತಿ, ಶಾಲೆ, ಆಸ್ಪತ್ರೆ, ಉದ್ಯಾನಕ್ಕೆ ಅನುಮತಿ ಕೊಡಬೇಡಿ. ಸಮ್ಮತಿ ಪತ್ರಗಳನ್ನು ಕೊಟ್ಟದ್ದು ಮಂಡಳಿಯೇ ಆದ್ದರಿಂದ ಆ ವಿಳಾಸಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಒಪ್ಪುವವರು ಇದೇ ಎರಡು ಸಾಲುಗಳನ್ನು ತಮ್ಮ ಹೆಸರಿನಲ್ಲೂ ಕಳಿಸಬಹುದು.