ಸತ್ಯಾಂಶ: ಪ್ರಿಂಟರ್‌ನಿಂದ ಹೊಸ ಮೂಳೆ ಬರುತ್ತದೆಯೇ?

ವಾಟ್ಸಾಪ್‌ನಲ್ಲಿ ಆಗಾಗ ಒಂದು ಮೆಸೇಜ್ ಬರುತ್ತದೆ: ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಹಾಕಿದ, 3ಡಿ ಪ್ರಿಂಟರ್‌ನಲ್ಲಿ ಪದರ ಪದರವಾಗಿ ಮಾಡಿದ ಮೂಳೆ ಕೂರಿಸಿದರೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಬಹುದು, ರಾಡು-ಪ್ಲೇಟು ಬೇಡ ಅಂತ. ಶಿರಸಿಯಲ್ಲಿ ಅಡಿಕೆ ಮರದಿಂದ ಬಿದ್ದವರ ಮನೆಯವರು, ದೊಡ್ಡ ಚಿಕಿತ್ಸೆಗೆ ಕಾರವಾರದಿಂದ ದೂರದೂರಿಗೆ ಓಡುವವರು ಇದನ್ನು ಆಸೆಯಿಂದಲೇ ಹಂಚುತ್ತಾರೆ. ಆ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಮಾತು ನಿಜವಲ್ಲ.

ಪ್ರಿಂಟರ್‌ನಿಂದ ಬರುವುದು ಜೀವಂತ ಮೂಳೆಯಲ್ಲ, ಸಣ್ಣ ಸಣ್ಣ ತೂತುಗಳಿರುವ ಚೌಕಟ್ಟು. ಅದನ್ನು ಹೆಚ್ಚಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ದೇಹದೊಳಗೆ ನಿಧಾನವಾಗಿ ಕರಗುವ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಕಾಳುಮೆಣಸಿನ ಬಳ್ಳಿಗೆ ಅಡಿಕೆ ಮರ ಇದ್ದ ಹಾಗೆ ಅದು ಬರೀ ಆಸರೆ. ಮೂಳೆಯೊಳಗಿನ ಮಜ್ಜೆಯಿಂದ ತೆಗೆದ ಸ್ಟೆಮ್ ಸೆಲ್‌ಗಳು ಅದನ್ನು ಹಿಡಿದು ಬೆಳೆಯಬೇಕು. ದೊಡ್ಡ ತೊಡಕು ರಕ್ತದ್ದು. ಚೌಕಟ್ಟಿನ ನಡುವಿನ ತನಕ ಹೊಸ ರಕ್ತನಾಳ ತಲುಪದಿದ್ದರೆ ಅಲ್ಲಿನ ಕೋಶಗಳು ಸಾಯುತ್ತವೆ. ತೊಡೆಯಂಥ ಭಾರ ಹೊರುವ ಕಡೆ ಕೆಲಸ ಇನ್ನೂ ಕಷ್ಟ. ಮನುಷ್ಯರ ಮೇಲೂ ಪ್ರಯೋಗಗಳು ನಡೆದಿವೆ, ಸಣ್ಣ ಮಟ್ಟದಲ್ಲಿ. ಗುರಿ ಕೂಡ ಬೇರೆಯೇ: ಮೂಳೆಯ ದೊಡ್ಡ ತುಂಡೇ ಹೋದಾಗ ಆ ಜಾಗ ತುಂಬುವುದು. ಸಾಮಾನ್ಯ ಮುರಿತ ಸರಿಯಾಗಿ ಕೂರಿಸಿದರೆ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ತಾನೇ ಕೂಡುತ್ತದೆ ಅಲ್ವಾ?

ಪರೀಕ್ಷಿಸುವುದು ಸುಲಭ. ಮೆಸೇಜ್‌ನಲ್ಲಿ ಆಸ್ಪತ್ರೆ, ವರ್ಷ, ಎಷ್ಟು ರೋಗಿಗಳು ಅಂತ ಇದೆಯಾ ನೋಡಿ. ಪ್ರಯೋಗ ಇಲಿಯ ಮೇಲೋ, ಮನುಷ್ಯರ ಮೇಲೋ? ಭಾರತದ ಕ್ಲಿನಿಕಲ್ ಟ್ರಯಲ್ (ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗ) ನೋಂದಣಿ ಜಾಲತಾಣ 2007ರಿಂದ ಇದೆ. ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಯಾರಾದರೂ ಈ ಚಿಕಿತ್ಸೆಗೆ ಮುಂಗಡ ಹಣ ಕೇಳಿದರೆ, ಮೊದಲು ಅದರ ನೋಂದಣಿ ಸಂಖ್ಯೆ ಕೇಳಿ. ನಿಮ್ಮ ಮೂಳೆ ಡಾಕ್ಟರಿಗೂ ಅದನ್ನು ತೋರಿಸಿ.